ಖೈರುನ್ನಿಸಾ ತೋರಿಸಿದ ನಕ್ಷತ್ರ

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಹೊರಗೋಡೆಯಲ್ಲಿ ನಾಲ್ಕೈದು ವರ್ಷ ಒಂದು ಚೌಕಟ್ಟು ತೂಗುತ್ತಿತ್ತು. ಗಾಜಿನ ಹಿಂದೆ ಏರಿ ಇಳಿಯುವ ಒಂದು ಗೆರೆ, ಗೆರೆಯುದ್ದಕ್ಕೂ ಮಣಿ ಪೋಣಿಸಿದ ಹಾಗೆ ಚುಕ್ಕಿಗಳು. ತಪಾಸಣೆಗೆ ಯಾವ ತಂಡ ಬರಲಿ, ಪ್ರಾಂಶುಪಾಲರು ಅವರನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ, "ಇದು ನಮ್ಮ ಖೈರುನ್ನಿಸಾ ಮೇಡಂ ಅವರ ನಕ್ಷತ್ರ" ಎನ್ನುತ್ತಿದ್ದರು. ಬಂದವರು ಎಲ್ಲ ಅರ್ಥವಾದವರಂತೆ ತಲೆಯಾಡಿಸಿ ತಿಂಡಿ ಇಟ್ಟ ಕೋಣೆಯ ಕಡೆಗೆ ನಡೆಯುತ್ತಿದ್ದರು. ಈ ವರ್ಷದ ಫೆಬ್ರವರಿಯಲ್ಲಿ ಖೈರುನ್ನಿಸಾ ತಾನೇ ಸ್ಟೂಲು ಹತ್ತಿ ಅದನ್ನು ಕೆಳಗಿಳಿಸಿದಳು. ಕೇಳಿದವರಿಗೆಲ್ಲ ಗಾಜು ಒಡೆದಿದೆ ಎಂದಳು. ಗಾಜಿಗೆ ಏನೂ ಆಗಿರಲಿಲ್ಲ.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಸ್ನೇಹಲತಾ. ಖೈರುನ್ನಿಸಾ ಮತ್ತು ನಾನು ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಸ್ಟಾಫ್ ರೂಮಿನಲ್ಲಿ ಒಂದೇ ಮೇಜು ಹಂಚಿಕೊಂಡವರು. ಅವಳ ಬುತ್ತಿಯ ಪತ್ತಿರ್ ಎಂಬ ಅಕ್ಕಿರೊಟ್ಟಿ ನನ್ನ ಹೊಟ್ಟೆಗೆ, ನನ್ನ ನೀರುದೋಸೆ ಅವಳ ಹೊಟ್ಟೆಗೆ ಹೋಗುವುದು ಆಗಿನಿಂದಲೂ ನಡೆದುಬಂದ ಕ್ರಮ. ಆದ್ದರಿಂದ ಅವಳ ಬಗ್ಗೆ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಬರೆಯುತ್ತೇನೆ ಎಂದಾಗ, "ಬರಿ, ಆದ್ರೆ ನನ್ನನ್ನು ಒಳ್ಳೆಯವಳು ಮಾಡ್ಲಿಕ್ಕೆ ಹೋಗ್ಬೇಡ" ಎಂದಳು. ಹೋಗುವುದಿಲ್ಲ.

ಅವಳು ಹುಟ್ಟಿ ಬೆಳೆದದ್ದು ಮಂಗಳೂರಿನ ಬಂದರಿನಲ್ಲಿ. ತಂದೆ ಮೊಯ್ದೀನಬ್ಬನವರಿಗೆ ಅಲ್ಲಿ ಒಣಮೀನಿನ ಅಂಗಡಿ ಇತ್ತು. ಶಾಲೆ ಬಿಟ್ಟು ಬಂದ ಮಕ್ಕಳೆಲ್ಲ ಚಾಪೆಯ ಮೇಲೆ ಕೂತು ಒಣ ಸಿಗಡಿ ಆರಿಸಬೇಕಿತ್ತು. ಮರಳು, ಚಿಪ್ಪಿನ ಚೂರು, ಸಿಗಡಿಯೊಟ್ಟಿಗೆ ಒಣಗಿದ ಪುಟಾಣಿ ಏಡಿ, ಎಲ್ಲವನ್ನೂ ಹೆಕ್ಕಿ ಬಿಸಾಡಬೇಕು. ಮೊಯ್ದೀನಬ್ಬನವರ ಚೀಲ ಎಂದರೆ ಬಿಚ್ಚಿ ನೋಡದೆ ಕೊಳ್ಳಬಹುದು ಎಂಬ ಹೆಸರಿತ್ತು ಪೇಟೆಯಲ್ಲಿ. ಮಕ್ಕಳಲ್ಲಿ ಅತಿ ಬೇಗ ಆರಿಸುತ್ತಿದ್ದವಳು ಖೈರುನ್ನಿಸಾ. ಒಂದು ಹಿಡಿ ಹರಡಿದರೆ ಸಾಕು, ಅಲ್ಲಿಗೆ ಸೇರದ್ದು ಅವಳ ಕಣ್ಣಿಗೆ ಚುಚ್ಚುತ್ತಿತ್ತಂತೆ. ಆ ಮನೆಯಿಂದ ಎಂ.ಎಸ್ಸಿ. ಮಾಡಿದ ಮೊದಲ ಹೆಣ್ಣುಮಗಳು ಅವಳೇ. ಗಂಡ ನಿಝಾರ್ ಕೊಲ್ಲಿ ದೇಶದ ದಮಾಮಿನಲ್ಲಿ ದುಡಿದು ವಾಪಸು ಬಂದು ಟೈಲ್ಸ್ ಅಂಗಡಿ ಇಟ್ಟ ಮೇಲೆ ಶಕ್ತಿನಗರದಲ್ಲಿ ಮನೆ ಕಟ್ಟಿಸಿದರು. ಮನೆಯ ನೆಲಕ್ಕೆ ಯಾವ ಟೈಲ್ಸ್ ಹಾಕಿದ್ದೀರಿ ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಅವಳ ಗಮನ ಎಲ್ಲ ಒಂದು ಕೆಂಪು ನಕ್ಷತ್ರದ ಮೇಲಿತ್ತು.

ಈ ನಕ್ಷತ್ರದ ವಿಷಯವನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೆ ಎಂದರೆ, ಕನ್ನಡದವಳಾದ ನಾನು ಈಗ ನಿದ್ದೆಯಲ್ಲೂ ಒಪ್ಪಿಸಬಲ್ಲೆ. ದಕ್ಷಿಣ ಆಕಾಶದಲ್ಲಿ, ನಮ್ಮ ವಾಮಂಜೂರಿನಿಂದ ನೋಡಿದರೆ ಉಳ್ಳಾಲದ ಕಡೆಗೆ ತಗ್ಗಿನಲ್ಲಿ, ಒಂದು ಗೋಳಗುಚ್ಛ ಇದೆ. ಲಕ್ಷಗಟ್ಟಲೆ ನಕ್ಷತ್ರಗಳು ಉಂಡೆ ಕಟ್ಟಿದ ಹಾಗೆ ಸೇರಿಕೊಂಡಿರುವುದಕ್ಕೆ ಆ ಹೆಸರು.

"ನೋಡು ಸ್ನೇಹಾ, ಮದುವೆ ಹಾಲಿನಲ್ಲಿ ತೊಟ್ಟಿಲ ಮಗುವಿನಿಂದ ಹಿಡಿದು ಅಜ್ಜಿಯವರೆಗೆ ಎಲ್ಲ ಪ್ರಾಯದವರು ಇರ್ತಾರಲ್ಲ, ಆಕಾಶವೂ ಹಾಗೆ. ಆದ್ರೆ ಈ ಗುಚ್ಛ ಒಂದೇ ಬ್ಯಾಚ್. ಒಟ್ಟಿಗೆ ಹುಟ್ಟಿದ್ದು, ನಮ್ಮಿಂದ ಒಂದೇ ದೂರದಲ್ಲಿ ಇರುವುದು. ಅದ್ರಲ್ಲಿ ಒಂದು ಬೇರೆ ಥರ ಕಂಡ್ರೆ ಪ್ರಾಯದ ನೆಪ ಹೇಳ್ಲಿಕ್ಕಿಲ್ಲ, ದೂರದ ನೆಪ ಹೇಳ್ಲಿಕ್ಕಿಲ್ಲ. ಹುಟ್ಟುವಾಗ ಚೂರು ಹೆಚ್ಚು ತೂಕ ಇದ್ದದ್ದು ಬೇಗ ಬೇಗ ಬದುಕಿ ಮುಂದೆ ಹೋಗಿರ್ತದೆ, ಅಷ್ಟೆ. ಹಾಗಾಗಿ ನಕ್ಷತ್ರ ಹೇಗೆ ಮುದಿಯಾಗ್ತದೆ ಅಂತ ಕಲೀಲಿಕ್ಕೆ ಇದಕ್ಕಿಂತ ಒಳ್ಳೆ ಕ್ಲಾಸ್ ರೂಮ್ ಇಲ್ಲ."

ಹಾಗೆ ಮುಂದೆ ಹೋದವು ಕೆಂಪು ದೈತ್ಯಗಳಾಗುತ್ತವೆ. ನಡುವಿನ ಇಂಧನ ಮುಗಿದ ಮೇಲೆ ಉಬ್ಬುತ್ತವೆ, ಹೊರಮೈ ತಣಿದು ಕೆಂಪಾಗುತ್ತದೆ, ಆಮೇಲೆ ಉಸಿರಾಡುವ ಹಾಗೆ ಹಿಗ್ಗುತ್ತ ಕುಗ್ಗುತ್ತ ಇರುತ್ತವೆ. ಅವುಗಳ ಒಂದು ಉಸಿರಿಗೆ ತಿಂಗಳುಗಳು ಹಿಡಿಯುತ್ತವೆ, ಉಸಿರಿನೊಟ್ಟಿಗೆ ಬೆಳಕು ಏರಿ ಇಳಿಯುತ್ತದೆ. ಉಸಿರು ಎಷ್ಟು ಉದ್ದ ಎಂದು ಗೊತ್ತಾದರೆ ನಕ್ಷತ್ರ ಎಷ್ಟು ಉಬ್ಬಿದೆ, ಮೈಯಲ್ಲಿ ಎಷ್ಟು ತೂಕ ಉಳಿದಿದೆ ಎಂದು ಲೆಕ್ಕ ಹಾಕಬಹುದಂತೆ. ಯಾಕೆಂದರೆ ಉಸಿರಾಡುತ್ತ ಉಸಿರಾಡುತ್ತ ಅದರ ಹೊರಪದರ ಗಾಳಿ ಧೂಳಾಗಿ ಹಾರಿಹೋಗುತ್ತಿರುತ್ತದೆ. ಎಷ್ಟು ಹೋಯಿತು, ಯಾವಾಗ ಹೋಯಿತು ಎಂಬುದೇ ದೊಡ್ಡ ಪ್ರಶ್ನೆ. ಇನ್ನೂ ಒಂದು ವಿಷಯ ಇದೆ. ಹೀಗೆ ಉಬ್ಬುತ್ತ ಹೋಗುವ ನಕ್ಷತ್ರ ಒಂದು ಘಟ್ಟದಲ್ಲಿ ಗಿಡ್ಡ ಉಸಿರನ್ನು ಬಿಟ್ಟು ಉದ್ದ ಉಸಿರಿಗೆ ಬದಲಾಗುತ್ತದೆ. ಮೊದಲು ಹೀಗಿತ್ತು, ಈಗ ಹೀಗಿದೆ ಎಂದು ಹೇಳಬಹುದು, ಬದಲಾಗುವ ಹೊತ್ತಿಗೆ ಸರಿಯಾಗಿ ಕಣ್ಣಿಟ್ಟು ಕೂತವರು ತೀರ ಕಡಿಮೆ.

"ನನ್ನ ಆಯುಸ್ಸಿನಲ್ಲಿ ಒಂದು ಸಲ ಅದನ್ನು ನೋಡಿದ್ರೆ ಸಾಕು ಮಾರಾಯ್ತಿ," ಎನ್ನುತ್ತಿದ್ದಳು. ಕೆಲವರಿಗೆ ಹಜ್ಜಿಗೆ ಹೋಗುವ ಆಸೆ, ಕೆಲವರಿಗೆ ಕಾಶಿಗೆ. ಇವಳು ಹಜ್ಜಿಗೆ ಹೋಗಿ ಬಂದಾಗಿತ್ತು, ಈ ಆಸೆ ಬಾಕಿ ಉಳಿದಿತ್ತು.

ಕಾಲೇಜಿನ ದೂರದರ್ಶಕ ಮತ್ತು ಅದರ ಕ್ಯಾಮರಾ ಅವಳ ಸುಪರ್ದಿಯಲ್ಲಿತ್ತು. ನಮ್ಮ ಊರಿನಲ್ಲಿ ಮಳೆಗಾಲ ಮುಗಿದು ಚಳಿ ಹಿಡಿದ ಮೇಲೆ ಮೇ ತಿಂಗಳವರೆಗೆ ಮಾತ್ರ ಆಕಾಶದ ಕೆಲಸ. ವಿದ್ಯಾರ್ಥಿಗಳು ಸರದಿಯ ಮೇಲೆ ಗುಚ್ಛದ ಚಿತ್ರ ತೆಗೆಯಬೇಕು, ಮರುದಿನ ಕಂಪ್ಯೂಟರಿನಲ್ಲಿ ಕೆಂಪು ನಕ್ಷತ್ರವನ್ನು ಅದರ ಸುತ್ತಲಿನ ಬದಲಾಗದ ನಕ್ಷತ್ರಗಳ ಜೊತೆ ಹೋಲಿಸಿ ಬೆಳಕನ್ನು ಅಳೆಯಬೇಕು. ಆ ಅಂಕಿಗಳನ್ನು ಖೈರುನ್ನಿಸಾ ನೋಡಿ, ಜಗತ್ತಿನ ಎಲ್ಲ ವೀಕ್ಷಕರೂ ಅಂಕಿ ಕಳಿಸುವ ಅಂತರಜಾಲದ ಭಂಡಾರಕ್ಕೆ ಕಳಿಸುತ್ತಿದ್ದಳು. ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಮನ್ವಿತಾ, ಕೊನೆಯ ವರ್ಷದ ಬಿ.ಎಸ್ಸಿ. ಹುಡುಗಿ. ಅವಳ ಮನೆ ವಾಮಂಜೂರಿನ ಗದ್ದೆಯ ಬದಿಯಲ್ಲಿತ್ತು, ಅಲ್ಲಿ ಬೀದಿದೀಪದ ಕಾಟ ಇಲ್ಲ ಎಂದು ದೂರದರ್ಶಕವನ್ನು ಅವಳ ಟೆರೇಸಿಗೇ ಸಾಗಿಸಿದ್ದರು. ಆ ವರ್ಷ ಮಾರ್ಚಿನಲ್ಲಿ ಕೊರೊನಾ ಬಂತು. ಊರೆಲ್ಲ ಬಾಗಿಲು ಹಾಕಿತು. ದೂರದರ್ಶಕ ಮತ್ತು ಮನ್ವಿತಾ ವಾಮಂಜೂರಿನಲ್ಲಿ, ಮೇಡಂ ಶಕ್ತಿನಗರದಲ್ಲಿ. ಜಗತ್ತಿನ ದೊಡ್ಡ ದೊಡ್ಡ ವೀಕ್ಷಣಾಲಯಗಳೂ ಬಂದ್ ಆದವು. ಮನ್ವಿತಾಳ ಟೆರೇಸು ಬಂದ್ ಆಗಲಿಲ್ಲ.

ಏಪ್ರಿಲಿನ ಒಂದು ಬೆಳಿಗ್ಗೆ ನಮ್ಮ ಕಾಲೇಜಿನ ಖಗೋಳ ಬಳಗದವರ ಆನ್‌ಲೈನ್ ಮೀಟಿಂಗ್ ಇತ್ತು. ಬಳಗದ ಭಿತ್ತಿಪತ್ರಿಕೆಗೆ ಕನ್ನಡ ತಿದ್ದುವವಳು ಎಂದು ನನ್ನನ್ನೂ ಸೇರಿಸಿದ್ದರು. ನಾನು ಕ್ಯಾಮರಾ ಬಂದ್ ಮಾಡಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತ ಕೇಳುತ್ತಿದ್ದೆ.

"ಮೇಡಂ, ಲೆಕ್ಕ ಪ್ರಕಾರ ನಮ್ಮ ಕೆಂಪು ನಕ್ಷತ್ರ ಈಗ ಬೆಳಗ್ಬೇಕಿತ್ತು. ಇನ್ನೂ ಇಳೀತಾ ಉಂಟು," ಎಂದಳು ಮನ್ವಿತಾ.

"ಕಡಲಿನ ಹಬೆ ಇರ್ಬೇಕು."

"ಹಬೆ ಆದ್ರೆ ಸುತ್ತ ಇದ್ದದ್ದೂ ಮಂಕಾಗ್ಬೇಕಲ್ಲ ಮೇಡಂ? ಅದೆಲ್ಲ ಹಾಗೇ ಉಂಟು. ಈ ಸಲ ಗಾಡಿ ಎಲ್ಲ ಬಂದ್ ಅಲ್ವಾ, ಆಕಾಶ ಭಾರೀ ಕ್ಲೀನ್."

ಹುಡುಗಿ ಹೇಳಿದ್ದು ನನ್ನಂಥ ದಡ್ಡಿಗೂ ಅರ್ಥವಾಯಿತು. ಆದರೆ ಬಳಗದ ಮಕ್ಕಳೆಲ್ಲ ಕೇಳುತ್ತಿದ್ದರು, ಮೇಡಂ ಹೇಳಿದ ಕಾರಣವನ್ನು ಒಂದು ಹುಡುಗಿ ಎರಡು ಮಾತಿನಲ್ಲಿ ಬೀಳಿಸಿದ್ದಳು. ಖೈರುನ್ನಿಸಾಳ ಸ್ವರ ಬಿಗಿಯಾದದ್ದು ಫೋನಿನಲ್ಲೂ ಗೊತ್ತಾಯಿತು. ಚಿತ್ರ ತೋರಿಸು ಎಂದಳು. ಪರದೆಯ ಮೇಲೆ ಗುಚ್ಛ ಬಂತು, ಚೆಲ್ಲಿದ ರವೆಯ ಹಾಗೆ, ಎಲ್ಲಿ ಯಾವುದು ಎಂದು ನನಗಂತೂ ತಿಳಿಯಲಿಲ್ಲ.

"ನೀನು ಹಿಡಿದದ್ದೇ ತಪ್ಪು ನಕ್ಷತ್ರ. ಅದರ ಬಲಬದಿಗೆ ಒಂದು ಬೆಳಗ್ತಾ ಉಂಟಲ್ಲ, ಅದು ನಮ್ಮದು," ಎಂದಳು ಖೈರುನ್ನಿಸಾ.

"ಆದ್ರೆ ಮೇಡಂ, ನಾನು ಜನವರಿಯಿಂದ ಇದನ್ನೇ—"

"ಹಾಗಾದ್ರೆ ಜನವರಿಯಿಂದ ಎಂತ ಅಳೀತಾ ಇದ್ದಿ ಅಂತ ದೇವರಿಗೇ ಗೊತ್ತು. ನಕ್ಷತ್ರಕ್ಕೆ ಯಾವಾಗ ಎಂತ ಮಾಡ್ಬೇಕು ಅಂತ ಗೊತ್ತುಂಟು. ಗೊತ್ತಿಲ್ಲದ್ದು ನಿನಗೆ. ಒಂದು ನಕ್ಷತ್ರ ಗುರುತಿಸ್ಲಿಕ್ಕೆ ಬಾರದವಳಿಗೆ ಇದೆಲ್ಲ ಯಾಕೆ? ಸರಿಯಾದ್ದನ್ನು ಅಳೆದು ಕಳಿಸು. ಹೊಂದದ ಕಸ ನನಗೆ ಬೇಡ."

ಪರದೆಯಿಂದ ಗುಚ್ಛದ ಚಿತ್ರ ಹೋಯಿತು. ಆಮೇಲೆ ಮನ್ವಿತಾ, "ಆಯ್ತು ಮೇಡಂ, ಸಾರಿ," ಎಂದಳು. ಮಧ್ಯಾಹ್ನ ನಾನು ಖೈರುನ್ನಿಸಾಳಿಗೆ ಫೋನು ಮಾಡಿ, ಆ ಹುಡುಗಿಗೆ ಹಾಗೆ ಬೈದದ್ದು ಅತಿಯಾಯಿತು ಎಂದೆ. "ನೀನು ಹಳಗನ್ನಡ ನೋಡ್ಕೋ," ಎಂದಳು. ನನಗೆ ಸಿಟ್ಟು ಬಂತು. ಒಂದು ವಾರ ಮಾತು ಬಿಟ್ಟೆ.

ಮನ್ವಿತಾ ಬಲಬದಿಯದನ್ನು ಅಳೆದು ಕಳಿಸಿದಳು. ಚುಕ್ಕಿಗಳೆಲ್ಲ ಮೇಡಂ ಎಣಿಸಿದ ಜಾಗದಲ್ಲೇ ಬಂದು ಕೂತವು. ಖೈರುನ್ನಿಸಾ ಅವನ್ನು ಭಂಡಾರಕ್ಕೆ ಕಳಿಸಿದಳು, ಬಳಗದ ಗ್ರೂಪಿನಲ್ಲಿ "ವೆರಿ ಗುಡ್ ಮನ್ವಿತಾ, ಈಗ ಸರಿಯಾಯ್ತು" ಎಂದು ಹಾಕಿದಳು. ಕಾಲೇಜು ತೆರೆದ ಮೇಲೆ ಗೆರೆಗೆ ಚೌಕಟ್ಟು ಬಂತು.

ಇನ್ನು ಈ ವರ್ಷದ ಫೆಬ್ರವರಿ. ದಕ್ಷಿಣ ಅಮೆರಿಕದ ಒಬ್ಬ ಸಂಶೋಧಕಿಯಿಂದ ಖೈರುನ್ನಿಸಾಳಿಗೆ ಒಂದು ಮೇಲ್ ಬಂತು. ತುಂಬ ಮರ್ಯಾದೆಯ ಮೇಲ್. ಆ ಕೆಂಪು ದೈತ್ಯ ಈಗ ಉದ್ದ ಉಸಿರಿಗೆ ಬದಲಾಗಿದೆ, ಬದಲಾದದ್ದು ಕೊರೊನಾ ವರ್ಷದ ಆ ತಿಂಗಳುಗಳಲ್ಲೇ ಇರಬೇಕು, ಆಗ ನಾವೆಲ್ಲ ಮನೆಯಲ್ಲಿದ್ದೆವು, ಇಡೀ ಆಕಾಶದ ಚಿತ್ರ ತಾವಾಗಿಯೇ ತೆಗೆಯುವ ಸಣ್ಣ ದೂರದರ್ಶಕಗಳಿಗೆ ಆ ನಕ್ಷತ್ರಗಳ ಜಂಗುಳಿಯಲ್ಲಿ ಒಂದೊಂದನ್ನು ಬಿಡಿಸಿ ನೋಡಲು ಆಗುವುದಿಲ್ಲ, ಜಗತ್ತಿನಲ್ಲಿ ಆ ಹೊತ್ತಿನ ಅಳತೆ ಇರುವುದು ನಿಮ್ಮ ಮಂಗಳೂರಿನದು ಮಾತ್ರ. ಆದರೆ ಏಪ್ರಿಲಿನಿಂದ ಮುಂದಿನ ನಿಮ್ಮ ಅಂಕಿಗಳ ಸ್ಥಾನ ಕೂದಲೆಳೆಯಷ್ಟು ಸರಿದಿದೆ, ಅದು ಪಕ್ಕದ, ಇನ್ನೂ ಗಿಡ್ಡ ಉಸಿರಿನಲ್ಲೇ ಇರುವ ಇನ್ನೊಂದು ಕೆಂಪು ನಕ್ಷತ್ರದ ಬೆಳಕು ಎಂದು ಕಾಣುತ್ತದೆ. ಅದಕ್ಕೆ ಮುಂಚಿನವು ಸರಿಯಾಗಿವೆ. ಮೂಲ ಚಿತ್ರಗಳು ನಿಮ್ಮಲ್ಲಿದ್ದರೆ ಅದೇ ಚಿತ್ರಗಳಲ್ಲಿ ಸರಿಯಾದ ನಕ್ಷತ್ರವನ್ನು ಮತ್ತೆ ಅಳೆಯಬಹುದು. ದಯವಿಟ್ಟು ಕಳಿಸುತ್ತೀರಾ?

ಖೈರುನ್ನಿಸಾ ಸ್ಟಾಫ್ ರೂಮಿಗೆ ಬಂದು ಬಾಗಿಲು ಹಾಕಿ ಇದನ್ನು ನನಗೆ ಓದಿ ಹೇಳಿದಳು. ಓದುವಾಗಲೇ ಕಿವಿಯವರೆಗೆ ಕೆಂಪಾಗಿದ್ದಳು. "ಅದು ಬದಲಾಗುವಾಗ ನಮ್ಮ ಕ್ಯಾಮರಾ ಅದರ ಮೇಲೆಯೇ ಇತ್ತು ಸ್ನೇಹಾ. ಆ ಹುಡುಗಿ ನೋಡಿದ್ಳು, ನನಗೆ ಹೇಳಿದ್ಳು. ನಾನು ಕಸ ಅಂದೆ." ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಂದು ಅವಳ ಬುತ್ತಿ ಹಾಗೇ ಉಳಿಯಿತು. ಆಮೇಲಿನ ದಿನಗಳಲ್ಲಿ ಕಾರಿಡಾರಿನಲ್ಲಿ ಗೋಡೆಗೆ ಮೈ ತಾಗಿಸಿಕೊಂಡು ನಡೆಯತೊಡಗಿದಳು. ವಿದ್ಯಾರ್ಥಿಗಳು ನಮಸ್ಕಾರ ಮೇಡಂ ಎಂದರೆ ಯಾರೋ ಅಡ್ಡಗಟ್ಟಿದ ಹಾಗೆ ಬೆಚ್ಚುತ್ತಿದ್ದಳು. ಪ್ರಶ್ನೆ ಕೇಳುವ ಮಕ್ಕಳ ಮುಖ ನೋಡಲು ನಾಚಿಕೆಯಾಗುತ್ತದೆ, ಬೋರ್ಡಿನ ಕಡೆಗೆ ತಿರುಗಿಕೊಂಡೇ ಪಾಠ ಮಾಡುತ್ತಿದ್ದೇನೆ ಎಂದು ನನ್ನಲ್ಲಿ ಹೇಳಿದಳು. ಚೌಕಟ್ಟು ಇಳಿಸಿದ್ದು ಆಗಲೇ.

ನನಗೆ ಕನಿಕರಕ್ಕಿಂತ ಸಿಟ್ಟು ಹೆಚ್ಚಿತ್ತು, ಯಾಕೆಂದರೆ ಅವಳು ಬರೆದಿಟ್ಟ ಉತ್ತರವನ್ನು ನನಗೆ ತೋರಿಸಿದ್ದಳು. "ತಾಂತ್ರಿಕ ದೋಷದಿಂದಾಗಿ ಅಂಕಿಗಳಲ್ಲಿ ವ್ಯತ್ಯಾಸ ಉಂಟಾಗಿದೆ" ಎಂದಿತ್ತು ಅದರಲ್ಲಿ.

"ತಾಂತ್ರಿಕ ದೋಷ ಅಂತ ಹೆಸರಿನವರು ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ ಯಾರಿದ್ದಾರೆ? ನನಗೆ ಪರಿಚಯ ಇಲ್ಲ," ಎಂದೆ.

ಅವಳು ಆ ಸಾಲನ್ನು ಅಳಿಸಿದಳು. "ಚಿತ್ರ ಎಲ್ಲ ಮನ್ವಿತಾಳ ಲ್ಯಾಪ್‌ಟಾಪಿನಲ್ಲಿ ಉಂಟು. ಆಗ ನೆಟ್ ಸರಿ ಇರ್ಲಿಲ್ಲ, ಅಂಕಿ ಮಾತ್ರ ಕಳಿಸ್ತಾ ಇದ್ದದ್ದು. ಚಿತ್ರ ಸಿಕ್ಕಿದ್ರೆ ಎಲ್ಲ ಸರಿ ಮಾಡ್ಬಹುದು. ಪೇಪರಿನಲ್ಲಿ ಅವಳ ಹೆಸರೇ ಮೊದಲು ಬರುವ ಹಾಗೆ ಮಾಡ್ತೇನೆ. ಆದ್ರೆ ಕೇಳ್ಲಿಕ್ಕೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

"ಇರುವ ಮುಖವೇ ಸಾಕು. ನಾನೂ ಬರ್ತೇನೆ."

ಮನ್ವಿತಾ ಎಂ.ಎಸ್ಸಿ.ಗೆ ಹೋಗಿರಲಿಲ್ಲ. ಬಿ.ಎಡ್. ಮುಗಿಸಿ ಬಜಪೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್ ಆಗಿದ್ದಳು. ಶನಿವಾರ ಶಾಲೆ ಬಿಡುವ ಹೊತ್ತಿಗೆ ನನ್ನ ಕಾರಿನಲ್ಲಿ ಹೋದೆವು. ದಾರಿಯುದ್ದಕ್ಕೂ ಖೈರುನ್ನಿಸಾ ತಾನು ಹೇಳಬೇಕಾದ ಮಾತನ್ನು ಬಾಯಲ್ಲೇ ತಿದ್ದುತ್ತಿದ್ದಳು. ಗೇಟಿನ ಹತ್ತಿರ, "ವಾಪಸ್ ಹೋಗುವನಾ?" ಎಂದಳು. ನಾನು ಕಿವಿ ಕೇಳದವಳಂತೆ ಗಾಡಿ ನಿಲ್ಲಿಸಿದೆ.

ಮನ್ವಿತಾ ನಮ್ಮನ್ನು ಕಂಡು ಓಡಿಬಂದಳು. ಅವಳ ಖುಷಿ ನೋಡಿ ಖೈರುನ್ನಿಸಾ ಇನ್ನಷ್ಟು ಕುಗ್ಗಿದಳು. ಮನ್ವಿತಾ ನಿಂಬೆ ಶರಬತ್ತು ತರಿಸಿದಳು, ನಮ್ಮನ್ನು ತನ್ನ ತರಗತಿಗೆ ಕರೆದುಕೊಂಡು ಹೋದಳು. ಗೋಡೆಯ ತುಂಬ ಮಕ್ಕಳು ಬಿಡಿಸಿದ ಗ್ರಾಫುಗಳು ಇದ್ದವು. ಲೋಲಕದ ಪ್ರಯೋಗ, ನೀರು ಕಾಯಿಸಿದ ಪ್ರಯೋಗ. ಒಂದೊಂದು ಗೆರೆಯೂ ಸ್ಕೇಲಿನಿಂದ ಎಳೆದಷ್ಟು ನೇರ, ಒಂದು ಚುಕ್ಕಿಯೂ ಆಚೆ ಈಚೆ ಇಲ್ಲ. ನಾನು ಚೆನ್ನಾಗಿದೆ ಎಂದೆ. ಖೈರುನ್ನಿಸಾ ಒಂದೊಂದು ಗ್ರಾಫಿನ ಹತ್ತಿರ ಹೋಗಿ ನೋಡಿದಳು.

"ಎಲ್ಲ ನೀವು ಕಲಿಸಿದ್ದು ಮೇಡಂ," ಎಂದಳು ಮನ್ವಿತಾ. "ಸರಿ ಉತ್ತರ ಎಂತದು ಅಂತ ಮೊದಲು ಹೇಳಿಬಿಡ್ತೇನೆ. ಹೊಂದದ್ದು ಬಂದ್ರೆ ತೆಗೆದು ಪುನಃ ಅಳೀಬೇಕು. ನನ್ನ ಹಾಗೆ ಎಲ್ಲರ ಎದುರು ಬೈಸಿಕೊಳ್ಳುವುದು ಬೇಡ ಅಂತ."

ಅವಳು ನಗುತ್ತಲೇ ಹೇಳಿದ್ದಳು, ಚುಚ್ಚಲು ಹೇಳಿದ್ದಲ್ಲ. ಖೈರುನ್ನಿಸಾ ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟಳು. ಆಗ ಹತ್ತಿರದ ನಿಲ್ದಾಣದಲ್ಲಿ ಇಳಿಯಲು ಒಂದು ವಿಮಾನ ತಲೆಯ ಮೇಲೆಯೇ ಬಂತು. ಅಲ್ಲಿನವರು ವಿಮಾನ ಬಂದಾಗ ಮಾತು ನಿಲ್ಲಿಸಿ, ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಮನ್ವಿತಾ ಹಾಗೆ ಕಾದಳು. ಸದ್ದು ಕಡಿಮೆಯಾದ ಮೇಲೆ ಖೈರುನ್ನಿಸಾ ಹೇಳಿದಳು, ದಾರಿಯಲ್ಲಿ ತಿದ್ದಿದ ಒಂದು ಮಾತೂ ಅದರಲ್ಲಿರಲಿಲ್ಲ.

"ಮನ್ವಿತಾ, ನೀನು ಹಿಡಿದದ್ದೇ ಸರಿ ನಕ್ಷತ್ರ. ನಾನು ತೋರಿಸಿದ್ದು ತಪ್ಪು. ಅದು ನಿಜವಾಗಿ ಇಳೀತಾ ಇತ್ತು. ಉಸಿರು ಬದಲಾಯಿಸ್ತಾ ಇತ್ತು. ನೋಡಿದ್ದು ಇಡೀ ಲೋಕದಲ್ಲಿ ನೀನೊಬ್ಬಳೇ. ಎಲ್ಲರ ಎದುರು ನಿನಗೆ ಹಾಗೆ ಹೇಳಿದೆ. ನನ್ನನ್ನು ಕ್ಷಮಿಸು ಮಗಾ."

ಮನ್ವಿತಾಳ ಮುಖದ ನಗು ಹೋಗಲು ಸ್ವಲ್ಪ ಸಮಯ ಹಿಡಿಯಿತು. ಮೇಜಿನ ಮೇಲಿದ್ದ ಶರಬತ್ತಿನ ಗ್ಲಾಸುಗಳನ್ನು ಒಂದರ ಪಕ್ಕ ಒಂದು ಜೋಡಿಸಿದಳು.

"ಹಾಗಾದ್ರೆ ನನಗೆ ಕಂಡದ್ದು ನಿಜವಾ?"

"ನಿಜ. ಆ ಚಿತ್ರಗಳು ಉಂಟಲ್ಲ ನಿನ್ನ ಹತ್ರ? ಅದು ಸಿಕ್ಕಿದ್ರೆ ನಿನ್ನ ಹೆಸರಿನಲ್ಲೇ..."

"ಇಲ್ಲ ಮೇಡಂ. ಡಿಲೀಟ್ ಮಾಡಿಬಿಟ್ಟೆ." ಅವಳು ನಮ್ಮನ್ನು ನೋಡದೆ ಹೇಳಿದಳು. "ಬಿ.ಎಡ್.ಗೆ ಸೇರುವಾಗ. ಎಂ.ಎಸ್ಸಿ.ಗೆ ಫಾರ್ಮ್ ತಂದಿಟ್ಟಿದ್ದೆ, ಹಾಕ್ಲಿಲ್ಲ. ಇದು ನನಗೆ ಹೇಳಿ ಮಾಡಿಸಿದ್ದಲ್ಲ ಅಂತ ಗೊತ್ತಾಯ್ತಲ್ಲ. ಆ ಚಿತ್ರ ಕಣ್ಣಿಗೆ ಬಿದ್ದಾಗೆಲ್ಲ ನಾಚಿಕೆ ಆಗ್ತಿತ್ತು. ಯಾರಾದ್ರೂ ತೆರೆದು ನೋಡಿದ್ರೆ, ನಾನು ಎಷ್ಟು ತಿಂಗಳು ತಪ್ಪು ನಕ್ಷತ್ರ ನೋಡ್ತಾ ಕೂತಿದ್ದೆ ಅಂತ ಗೊತ್ತಾಗ್ತದಲ್ಲ ಅಂತ. ಒಂದೂ ಉಳಿಸ್ಲಿಲ್ಲ."

ಖೈರುನ್ನಿಸಾ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅವಳಿಗೆ ಅಳು ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. ಆಮೇಲೆ ಫೋನು ತೆಗೆದು ಅಲ್ಲೇ ಆ ಸಂಶೋಧಕಿಗೆ ಬರೆದಳು. ಏಪ್ರಿಲಿನಿಂದ ಮುಂದಿನ ನಮ್ಮ ಅಂಕಿಗಳು ಸುಳ್ಳು, ಅವನ್ನು ತೆಗೆದುಹಾಕಿ, ನಮ್ಮ ವೀಕ್ಷಕಿ ಮನ್ವಿತಾ ನಕ್ಷತ್ರ ಇಳಿಯುವುದನ್ನು ಸರಿಯಾಗಿ ನೋಡಿದ್ದಳು, ಅವಳ ಬಾಯಿ ಮುಚ್ಚಿಸಿದವಳು ನಾನು, ಚಿತ್ರಗಳು ಉಳಿದಿಲ್ಲ, ಅದಕ್ಕೂ ಕಾರಣ ನಾನೇ. ಕಳಿಸುವ ಮುಂಚೆ ಮನ್ವಿತಾಳ ಕೈಗೆ ಕೊಟ್ಟಳು. ಮನ್ವಿತಾ ಓದಿದಳು, ಏನೂ ತಿದ್ದದೆ ವಾಪಸು ಕೊಟ್ಟಳು.

"ಎಷ್ಟು ಇಳಿದಿತ್ತು ಅಂತ ನನಗೆ ಅಂದಾಜು ನೆನಪುಂಟು ಮೇಡಂ," ಎಂದಳು. "ಆದ್ರೆ ನೆನಪನ್ನು ಯಾರು ತಗೊಳ್ತಾರೆ?"

"ನಾನು ನಂಬ್ತೇನೆ," ಎಂದಳು ಖೈರುನ್ನಿಸಾ.

ಮನ್ವಿತಾ ಎದ್ದು ಖಾಲಿ ಗ್ಲಾಸುಗಳನ್ನು ಎತ್ತಿಕೊಂಡಳು. ಸಿಟ್ಟು ಇರಲಿಲ್ಲ ಅವಳ ಸ್ವರದಲ್ಲಿ, ತರಗತಿಯಲ್ಲಿ ಪಾಠ ಹೇಳುವ ಅದೇ ಸ್ವರ.

"ಆಗ ನಂಬಿದ್ರೆ ಸಾಕಿತ್ತು ಮೇಡಂ."